ಊರೂರ ಗಸ್ತು: ವಿಲನ್ ಮನೆಯಲ್ಲಿ ಹೀರೋ ಪೀಪಾಯಿ!

ಕಡೂರಿನ ಓದುಗ ದೊರೆಯೊಬ್ಬರು ಕಾರ್ಡು ಬರೆದು ಕೇಳಿದ್ದಾರೆ: ‘ಇಂಗ್ಲಿಷ್ ಪಿಕ್ಚರುಗಳಲ್ಲಿ ಹೀರೋ ಪಬ್ಬಿಗೆ ಹೋಗುತ್ತಾನೆ. ಕೌಂಟರಿನ ಹಿಂದೆ ನಿಂತವನು ಬೋರ್‌ವೆಲ್ ಹ್ಯಾಂಡಲ್ ಜಗ್ಗಿದ ಹಾಗೆ ಏನನ್ನೋ ಜಗ್ಗುತ್ತಾನೆ. ಗ್ಲಾಸು ತುಂಬುತ್ತದೆ. ಅದೇನು ಸಾರ್, ನೆಲದಡಿಯಿಂದ ಬೀರು ಬರುತ್ತಾ?’

ಬರುತ್ತದೆ ಸ್ವಾಮಿ! ನೆಲದಡಿಯಿಂದಲೇ ಬರುತ್ತದೆ. ಹಳೇ ಪಬ್ಬುಗಳ ಕೆಳಗೊಂದು ನೆಲಮಾಳಿಗೆ. ಅಲ್ಲಿ ಪೀಪಾಯಿಗಳ ಸಾಲು. ಮೇಲೆ ನಿಂತವನು ಜಗ್ಗುವುದು ಹ್ಯಾಂಡ್ ಪಂಪು. 1797ರಷ್ಟು ಹಿಂದೆಯೇ ಜೋಸೆಫ್ ಬ್ರಾಮಾ ಎಂಬ ಇಂಗ್ಲಿಷ್ ಯಂತ್ರಜ್ಞ ಇಂಥ ಪಂಪಿಗೆ ಪೇಟೆಂಟು ತೆಗೆದುಕೊಂಡಿದ್ದ. ಕರೆಂಟಿಲ್ಲ, ಗ್ಯಾಸಿಲ್ಲ, ಬರೀ ತೋಳಿನ ಬಲ!

ಒಂದು ಕಾರ್ಡಿನ ಪ್ರಶ್ನೆಗೆ ಇಷ್ಟು ಉತ್ತರ ಸಾಕಿತ್ತು. ಆದರೆ ಆ ಪಂಪಿನ ಹಿಂದೆ ಒಂದು ಕಥೆ ಇದೆ. ನಾಲ್ಕು ಜನ ಹುಡುಗರು, ಆರು ಜನ ದೊಡ್ಡ ಕುಳಗಳು, ಮುಚ್ಚಿದ ಕಾರ್ಖಾನೆ, ಬೀದಿ ಮೆರವಣಿಗೆ, ಮೂವತ್ತಾರು ವರ್ಷದ ನಂತರ ಪುನರ್ಜನ್ಮ... ಇಷ್ಟಿದ್ದ ಮೇಲೆ ಇಂಟರ್‌ವೆಲ್ ಒಂದು ಬಾಕಿ! ಆ ಕಥೆ ನಡೆದ ಸೀಮೆಗೇ ಹೋಗಿ ಬಂದಿದ್ದೇನೆ. ಈ ವಾರದ ಗಸ್ತು ಅಲ್ಲಿಗೇ.

ಮೊದಲೇ ಒಂದು ಮಾತು. ‘ಕುಡಿಯಿರಿ’ ಎಂದು ಹೇಳಲು ಈ ಅಂಕಣ ಬರೆಯುತ್ತಿಲ್ಲ. ಕುಡಿತ ಮನೆ ಮುರಿಯುವುದನ್ನು ನಮ್ಮೂರ ಪ್ರತಿ ಬೀದಿಯೂ ನೋಡಿದೆ. 1992ರಲ್ಲಿ ಅಣ್ಣಾವ್ರ ‘ಜೀವನ ಚೈತ್ರ’ ಬಂದಾಗ ಥಿಯೇಟರಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡ ತಾಯಂದಿರು ಸುಮ್ಮನೆ ಅಳಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿದ್ದೂ ಸುಮ್ಮನೆ ಅಲ್ಲ. ನಾನು ಹೇಳಹೊರಟಿರುವುದು ಗ್ಲಾಸಿನ ಕಥೆಗಿಂತ ಹೆಚ್ಚಾಗಿ, ಗ್ಲಾಸಿನ ಸುತ್ತ ಕೂತ ಜನರ ಕಥೆ.

ಗಾಳಿಯಲ್ಲೇ ವಾಸನೆ

ಊರಿನ ಹೆಸರು ಬರ್ಟನ್ ಅಪಾನ್ ಟ್ರೆಂಟ್. ಇಂಗ್ಲೆಂಡಿನ ನಟ್ಟನಡುವೆ, ಸ್ಟ್ಯಾಫರ್ಡ್‌ಶೈರ್ ಎಂಬ ಸೀಮೆಯಲ್ಲಿ, ಟ್ರೆಂಟ್ ನದಿಯ ದಂಡೆಯಲ್ಲಿದೆ. ನಮ್ಮ ಚಿಕ್ಕಮ್ಮನ ಮಗ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ‘ಬಾರಣ್ಣ, ಲಂಡನ್ ಎಲ್ಲರೂ ನೋಡ್ತಾರೆ. ನಮ್ಮೂರು ತೋರಿಸ್ತೀನಿ’ ಎಂದು ಕರೆಸಿಕೊಂಡ. ಮಂಡ್ಯದ ಹುಡುಗ ಬರ್ಟನ್ನನ್ನು ‘ನಮ್ಮೂರು’ ಎಂದದ್ದು ಕೇಳಿ ನನಗೆ ಆಶ್ಚರ್ಯ. ಯಾಕೆ ಹಾಗಂದ ಎನ್ನುವುದು ಮುಂದೆ ಬರುತ್ತದೆ.

ರೈಲಿಳಿದು ಹೊರಗೆ ಕಾಲಿಟ್ಟರೆ ಗಾಳಿಯಲ್ಲೇ ಒಂದು ವಾಸನೆ. ಹುರಿದ ಧಾನ್ಯ, ದೋಸೆ ಹಿಟ್ಟು ಹುಳಿ ಬಂದ ಪಾತ್ರೆ, ಎರಡನ್ನೂ ಸೇರಿಸಿ ಕುದಿಸಿದ ಹಾಗೆ. ಬೀರಿನ ಕಾರ್ಖಾನೆಗಳದ್ದು ಒಂದು ಪಾಲು, ಮಾರ್ಮೈಟ್‌ನದ್ದು ಇನ್ನೊಂದು ಪಾಲು. ಮಾರ್ಮೈಟ್ ಎಂದರೆ ಬ್ರೆಡ್ಡಿಗೆ ಸವರಿಕೊಳ್ಳುವ ಕರೀ ಅಂಟು. ಬೀರು ಮಾಡಿ ಉಳಿದ ಯೀಸ್ಟಿನಿಂದಲೇ ಅದನ್ನು ತಯಾರಿಸುತ್ತಾರೆ. 1902ರಿಂದ ಅದರ ಕಾರ್ಖಾನೆ ಈ ಊರಿನಲ್ಲೇ ಇದೆ. ಒಬ್ಬನ ಕಸ ಇನ್ನೊಬ್ಬನ ರಸ ಎಂದರೆ ಇದೇ ನೋಡಿ!

ಬರ್ಟನ್ನಿಗೆ ಬೀರು ಯಾಕೆ ಬಂತು? ನೀರಿನಿಂದ. ಅಲ್ಲಿಯ ಬಾವಿಗಳ ನೀರಿನಲ್ಲಿ ಜಿಪ್ಸಂ ಅಂಶ ಹೆಚ್ಚು. ಆ ನೀರಿನಲ್ಲಿ ಮಾಡಿದ ಬೀರಿಗೆ ತಿಳಿ ಬಣ್ಣ, ಸ್ವಚ್ಛವಾದ ಕಹಿ. ಬೇರೆ ಊರಿನವರು ಎಷ್ಟು ಹೆಣಗಿದರೂ ಅದು ಕೈಗೆ ಹತ್ತಲಿಲ್ಲ. ಕಡೆಗೆ ತಮ್ಮ ನೀರಿಗೇ ಜಿಪ್ಸಂ ಬೆರೆಸಿ ‘ಬರ್ಟನ್ನೀಕರಣ’ ಎಂದು ಕರೆದರು! 1880ರ ದಶಕದಲ್ಲಿ ಈ ಒಂದು ಸಣ್ಣ ಊರಿನಲ್ಲಿ ಬೀರಿನ ಕಾರ್ಖಾನೆಗಳು 30ಕ್ಕೂ ಹೆಚ್ಚಿದ್ದವು.

ಅದರಲ್ಲಿ ಮಹಾರಾಜ ಎಂದರೆ ಬ್ಯಾಸ್. 1777ರಲ್ಲಿ ವಿಲಿಯಂ ಬ್ಯಾಸ್ ಎಂಬಾತ ಶುರು ಮಾಡಿದ್ದು. ನೂರು ವರ್ಷದಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡ ಬೀರು ಕಾರ್ಖಾನೆ ಎನ್ನಿಸಿಕೊಂಡಿತು. ಅದರ ಗುರುತು ಕೆಂಪು ತ್ರಿಕೋನ. ಬ್ರಿಟನ್ನಿನಲ್ಲಿ ಟ್ರೇಡ್ ಮಾರ್ಕ್ ನೋಂದಣಿ ಆರಂಭವಾದದ್ದು 1876ರ ಜನವರಿ 1ರಂದು. ಒಂದನೇ ನಂಬರು ಈ ತ್ರಿಕೋನಕ್ಕೇ ಸಿಕ್ಕಿತು. ಬ್ಯಾಸ್ ಕಂಪನಿಯ ನೌಕರನೊಬ್ಬ ಹಿಂದಿನ ರಾತ್ರಿಯೇ ಹೋಗಿ ಕಚೇರಿಯ ಬಾಗಿಲಲ್ಲಿ ಕಾದು ನಿಂತಿದ್ದನಂತೆ. ಫಸ್ಟ್ ಡೇ ಫಸ್ಟ್ ಷೋಗೆ ಮಧ್ಯರಾತ್ರಿಯೇ ಬಂದು ಗೇಟು ಹಿಡಿದು ನಿಲ್ಲುವ ನಮ್ಮ ಹುಡುಗರಿಗೆ ಆತ ಮುತ್ತಜ್ಜ!

ನಮ್ಮ ಹೆಸರಿನ ಬೀರು

ಈ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾತ್ರ ಇದೆ, ಅತಿಥಿ ನಟನ ಹಾಗೆ. ಈಸ್ಟ್ ಇಂಡಿಯಾ ಕಂಪನಿಯ ಬಿಳಿ ದೊರೆಗಳು ಮದರಾಸು, ಕಲ್ಕತ್ತಾ, ಬೊಂಬಾಯಿಗಳ ಸೆಕೆಯಲ್ಲಿ ಬೆವರುತ್ತಿದ್ದರಲ್ಲ, ಅವರಿಗೆ ಊರಿನ ಬೀರು ಬೇಕು. ಹಡಗು ಆಫ್ರಿಕಾ ಸುತ್ತಿಕೊಂಡು ಬರಬೇಕು. ತಿಂಗಳುಗಟ್ಟಲೆ ಪ್ರಯಾಣ, ಸಮಭಾಜಕ ವೃತ್ತ ಎರಡು ಸಲ ದಾಟಬೇಕು. ಮೊದಲಿಗೆ ಈ ವ್ಯಾಪಾರ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಮನೆತನದ ಕೈಯಲ್ಲಿತ್ತು. 1822ರ ಹೊತ್ತಿಗೆ ಬರ್ಟನ್ನಿನ ಸ್ಯಾಮ್ಯುಯೆಲ್ ಆಲ್ಸಪ್ ಕಣಕ್ಕಿಳಿದ. ಆತನ ಬೀರು ಮಾಡುವವನು ಮೊದಲ ಮಾದರಿಯನ್ನು ಒಂದು ಟೀ ಪಾತ್ರೆಯಲ್ಲಿ ತಯಾರಿಸಿದ ಎಂದು ಬರ್ಟನ್ನಿನಲ್ಲಿ ಇಂದಿಗೂ ಕಥೆ ಹೇಳುತ್ತಾರೆ. ಬ್ಯಾಸ್ ಕೂಡ ಹಿಂದೆ ಬಿತ್ತು. ಆ ಬೀರಿಗೆ ಬಿದ್ದ ಹೆಸರು ‘ಇಂಡಿಯಾ ಪೇಲ್ ಏಲ್’. ಇವತ್ತು ಬೆಂಗಳೂರಿನ ಪಬ್ಬುಗಳ ಮೆನುವಿನಲ್ಲಿ ‘ಐಪಿಎ’ ಎಂದು ಕಾಣುತ್ತದಲ್ಲ, ಅದರ ಮೊದಲ ಅಕ್ಷರ ನಾವೇ!

ಜೀವ ಇರುವ ಬೀರು, ಜೀವ ಇಲ್ಲದ ಬೀರು

ಈಗ ಒಂದು ತಾಂತ್ರಿಕ ವಿಷಯ. ಬೇಜಾರಾಗಬೇಡಿ, ಇದು ಗೊತ್ತಾಗದಿದ್ದರೆ ಫೈಟ್ ಸೀನು ಅರ್ಥವಾಗುವುದಿಲ್ಲ.

‘ರಿಯಲ್ ಏಲ್’ ಅಂದರೆ ಪೀಪಾಯಿಗೆ ತುಂಬಿದ ಮೇಲೂ ಜೀವಂತ ಇರುವ ಬೀರು. ಒಳಗೆ ಯೀಸ್ಟು ಇನ್ನೂ ಉಸಿರಾಡುತ್ತಿರುತ್ತದೆ. ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೆ ಅಲ್ಲೇ ಇನ್ನೊಂದು ಸಲ ಹುದುಗು ಬರುತ್ತದೆ. ಅದು ತಿಳಿಯಾಗಲೆಂದು ಮೀನಿನ ಗಾಳಿಚೀಲದಿಂದ ತೆಗೆದ ಒಂದು ಪದಾರ್ಥ ಹಾಕುವುದು ಹಳೇ ಪದ್ಧತಿ (ಸಸ್ಯಾಹಾರಿ ಮಿತ್ರರು ಕೇಳಿ ಕುಡಿಯುವುದು ಲೇಸು!). ಕುಡಿಯುವಾಗ ಐಸಿನ ಹಾಗೆ ತಣ್ಣಗಿರುವುದಿಲ್ಲ. ನೆಲಮಾಳಿಗೆಯ ತಂಪು, 11ರಿಂದ 13 ಡಿಗ್ರಿ, ನಮ್ಮ ಮಣ್ಣಿನ ಹೂಜಿಯ ನೀರಿಗಿಂತ ಸ್ವಲ್ಪ ಹೆಚ್ಚು ತಂಪು ಅಷ್ಟೆ.

ಇನ್ನೊಂದು ಜಾತಿ ‘ಕೆಗ್’. ಸೋಸಿ, ಬಿಸಿ ಮಾಡಿ, ಯೀಸ್ಟು ಸಾಯಿಸಿ, ಲೋಹದ ಡ್ರಮ್ಮಿಗೆ ತುಂಬಿ, ಗ್ಯಾಸಿನ ಬಲದಿಂದ ಮೇಲಕ್ಕೆ ತಳ್ಳುವುದು. ಕೆಡುವುದಿಲ್ಲ. ನೋಡಿಕೊಳ್ಳುವವನು ಬೇಡ. ಯಾವ ಊರಿನಲ್ಲಿ ಕುಡಿದರೂ ಒಂದೇ ರುಚಿ.

ಜೀವಂತ ಬೀರಿನ ಕಷ್ಟ ಬೇರೆ. ಪೀಪಾಯಿ ತೆರೆದ ಮೇಲೆ ಒಳಗೆ ಗಾಳಿ ಸೇರುತ್ತದೆ. ಮೂರು ದಿನದೊಳಗೆ ಖಾಲಿಯಾಗಬೇಕು. ಇಲ್ಲದಿದ್ದರೆ ಹುಳಿ! ಮೂರು ದಿನ ಎಂದ ಕೂಡಲೇ ಗಾಂಧಿನಗರದವರಿಗೆ ಎದೆ ಝಲ್ಲೆನ್ನಬೇಕು. ಶುಕ್ರವಾರ, ಶನಿವಾರ, ಭಾನುವಾರ. ಜನ ಬಂದರೆ ಪಿಕ್ಚರು ಉಳಿಯಿತು, ಬರದಿದ್ದರೆ ಸೋಮವಾರ ಪೋಸ್ಟರು ಕಿತ್ತರು! ರಿಯಲ್ ಏಲ್ ಹಣೆಬರಹವೂ ಅಷ್ಟೇ. ಮಾಡುವವನ ಕೈಗುಣ ಎಷ್ಟೇ ಇರಲಿ, ಕುಡಿಯುವ ಜನ ಬಾರದಿದ್ದರೆ ಅದು ಸಾಯುತ್ತದೆ.

ಆರು ಕುಳಗಳು, ನಾಲ್ಕು ಹುಡುಗರು

1960ರ ದಶಕದಲ್ಲಿ ಇಂಗ್ಲೆಂಡಿನ ಬೀರು ವ್ಯಾಪಾರ ಆರು ದೊಡ್ಡ ಕಂಪನಿಗಳ ಮುಷ್ಟಿಗೆ ಬಂತು. ಜನ ಅವರನ್ನು ‘ಬಿಗ್ ಸಿಕ್ಸ್’ ಎಂದರು. ಬ್ಯಾಸ್ ಕೂಡ ವಿಲೀನವಾಗಿ ಬ್ಯಾಸ್ ಚಾರಿಂಗ್ಟನ್ ಎಂಬ ದೈತ್ಯನಾಯಿತು. ಇವರು ಸಣ್ಣ ಊರುಗಳ ಕಾರ್ಖಾನೆಗಳನ್ನು ಕೊಳ್ಳುವುದು, ಮುಚ್ಚುವುದು, ಅವುಗಳ ಪಬ್ಬುಗಳಿಗೆ ತಮ್ಮ ಡ್ರಮ್ಮು ಇಳಿಸುವುದು. ಪಬ್ಬಿನ ಹಳೇ ಮರದ ಕೌಂಟರು ಕಿತ್ತು ಫಾರ್ಮೈಕಾ ಹಾಕುವುದು. ಇದು ಪ್ರಗತಿ ಎಂದು ಜಾಹೀರಾತು ಬೇರೆ!

1971ರ ಮಾರ್ಚಿನಲ್ಲಿ ನಾಲ್ಕು ಜನ ಹುಡುಗರು ರಜೆಗೆಂದು ಐರ್ಲೆಂಡಿಗೆ ಹೋದರು. ಮೈಕೆಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಬಿಲ್ ಮೆಲರ್, ಜಿಮ್ ಮಾಕಿನ್. ಎಲ್ಲರೂ ಇಪ್ಪತ್ತರ ಪ್ರಾಯದವರು. ಕೆರ್ರಿ ಸೀಮೆಯ ಡನ್‌ಕ್ವಿನ್ ಎಂಬ ಹಳ್ಳಿಯ ಬಾರಿನಲ್ಲಿ ಕೂತು, ‘ನಮ್ಮ ಬೀರನ್ನು ಸಾಯಿಸುತ್ತಿದ್ದಾರಲ್ಲ, ಒಂದು ಸಂಘ ಕಟ್ಟೋಣ’ ಎಂದು ಮಾತಾಡಿಕೊಂಡರು. ದುಡ್ಡಿಲ್ಲ. ರಾಜಕೀಯ ಬೆಂಬಲ ಇಲ್ಲ. ಹುಟ್ಟಿದ್ದು ‘ಕ್ಯಾಮ್ರಾ’ ಎಂಬ ಸಂಘ!

ಅದೇ 1971ರಲ್ಲಿ ಮೈಕೆಲ್ ಕೇನ್ ನಟಿಸಿದ ‘ಗೆಟ್ ಕಾರ್ಟರ್’ ಬಿಡುಗಡೆಯಾಯಿತು. ಅಣ್ಣನ ಸಾವಿನ ಸೇಡು ತೀರಿಸಲು ಬಂದ ಹೀರೋ ನ್ಯೂಕಾಸಲ್ಲಿನ ಬಾರಿಗೆ ನುಗ್ಗುತ್ತಾನೆ. ಬೀರು ಕೇಳುತ್ತಾನೆ, ಅದೂ ತೆಳು ಗಾಜಿನ ಗ್ಲಾಸಿನಲ್ಲೇ ಕೊಡಬೇಕು ಎನ್ನುತ್ತಾನೆ. ಇಡೀ ಬಾರು ತಿರುಗಿ ನೋಡುತ್ತದೆ. ಹೊರಗಿನಿಂದ ಬಂದವನು ಯಾರು, ಒಳಗಿನವರು ಯಾರು ಎಂದು ಒಂದೇ ಷಾಟಿನಲ್ಲಿ ಗೊತ್ತಾಗುತ್ತದೆ. ಡೈರೆಕ್ಟರ್ ಮೈಕ್ ಹಾಡ್ಜಸ್‌ಗೆ ಶರಣು!

ಕ್ಯಾಮ್ರಾದ ಹುಡುಗರು ಮಾಡಿದ್ದೇನು? ಊರೂರು ಸುತ್ತಿ ಎಲ್ಲಿ ಜೀವಂತ ಬೀರು ಸಿಗುತ್ತದೆ ಎಂದು ಪಟ್ಟಿ ಮಾಡಿದರು. 1974ರಲ್ಲಿ ಅದು ಪುಸ್ತಕವಾಗಿ ಅಂಗಡಿಗೆ ಬಂತು. ಅದರಲ್ಲಿ ವಾಟ್ನೀಸ್ ಎಂಬ ದೊಡ್ಡ ಕಂಪನಿಯ ಬೀರನ್ನು ಪ್ಲೇಗಿನ ಹಾಗೆ ದೂರ ಇಡಿ ಎಂಬರ್ಥದ ಮಾತು ಅಚ್ಚಾಗಿತ್ತು. ಮುದ್ರಕರು ಹೆದರಿ, ಆ ಸಾಲು ಬದಲಿಸಿ ಮತ್ತೆ ಅಚ್ಚು ಮಾಡಿದರು. ಸೆನ್ಸಾರ್ ಕತ್ತರಿ ನಮಗಷ್ಟೇ ಅಲ್ಲ, ತಿಳೀತೇ?

ಮೆರವಣಿಗೆ ಸೀನು

ಬರ್ಟನ್ನಿನಿಂದ ದೂರವೇನಲ್ಲ, ಅದೇ ಸ್ಟ್ಯಾಫರ್ಡ್‌ಶೈರ್ ಸೀಮೆಯಲ್ಲಿ ಸ್ಟೋನ್ ಎಂಬ ಪಟ್ಟಣ. ಅಲ್ಲಿ ಜೂಲ್ಸ್ ಎಂಬ ಬೀರು ಕಾರ್ಖಾನೆ ಇತ್ತು. ಸುಮಾರು ಇನ್ನೂರು ವರ್ಷದ್ದು. ಅದನ್ನು ಬ್ಯಾಸ್ ಚಾರಿಂಗ್ಟನ್ ಕೊಂಡಿತು. ಮುಚ್ಚುತ್ತೇವೆ ಎಂದಿತು.

1973ರಲ್ಲಿ ಸ್ಟೋನ್ ಬೀದಿಗಳಲ್ಲಿ ಜನ ಸೇರಿದರು. ಕ್ಯಾಮ್ರಾದ ಮೊಟ್ಟಮೊದಲ ಮೆರವಣಿಗೆ ಅದು. ಒಂದು ಬೀರಿಗಾಗಿ ಊರೇ ಬೀದಿಗಿಳಿದದ್ದನ್ನು ನೋಡಿ ದೊಡ್ಡ ಪತ್ರಿಕೆಗಳು ನಕ್ಕಿರಲೂಬಹುದು. ಕಂಪನಿ ಮಾತ್ರ ಜಗ್ಗಲಿಲ್ಲ. 1974ರಲ್ಲಿ ಜೂಲ್ಸ್ ಬಾಗಿಲು ಹಾಕಿತು. ಹೀರೋ ಸತ್ತ. ಇಂಟರ್‌ವೆಲ್.

ಆದರೆ ಹುಡುಗರು ಮನೆಗೆ ಹೋಗಲಿಲ್ಲ. ಸಂಘ ಬೆಳೆಯಿತು, ಮುಂದೆ ಸದಸ್ಯರ ಸಂಖ್ಯೆ ಒಂದೂವರೆ ಲಕ್ಷ ದಾಟಿತು. ದೊಡ್ಡವರೇ ತಮ್ಮ ಪಬ್ಬುಗಳಿಗೆ ಹ್ಯಾಂಡ್ ಪಂಪು ವಾಪಸು ತಂದರು. ಅಲ್ಲಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳು ಎದ್ದವು. ಮಧ್ಯಾಹ್ನ ಪಬ್ಬು ಮುಚ್ಚಲೇಬೇಕು ಎಂಬ, ಮೊದಲ ಮಹಾಯುದ್ಧದ ಕಾಲದ ಕಾನೂನು ಕೂಡ 1988ರಲ್ಲಿ ಸಡಿಲವಾಯಿತು.

ಆ ಕಡೆ ದೈತ್ಯನ ಗತಿ? 2000ದಲ್ಲಿ ಬ್ಯಾಸ್ ತನ್ನ ಬೀರು ವ್ಯಾಪಾರವನ್ನೇ ಬೆಲ್ಜಿಯಂನ ಇಂಟರ್‌ಬ್ರೂಗೆ ಮಾರಿತು. 2002ರಲ್ಲಿ ಬರ್ಟನ್ನಿನ ಕಾರ್ಖಾನೆ ಅಮೆರಿಕದ ಕೂರ್ಸ್ ಪಾಲಾಯಿತು. ಹೆಸರು ಒಬ್ಬರ ಬಳಿ, ಕಾರ್ಖಾನೆ ಇನ್ನೊಬ್ಬರ ಬಳಿ! 2005ರಿಂದ ಬ್ಯಾಸ್ ಬೀರನ್ನು ಅದೇ ಊರಿನ ಇನ್ನೊಂದು ಕಾರ್ಖಾನೆ, ಹಳೇ ಪೈಪೋಟಿದಾರ ಮಾರ್ಸ್ಟನ್ಸ್, ಗುತ್ತಿಗೆಗೆ ಮಾಡತೊಡಗಿತು. ಬ್ರಿಟನ್ನಿನ ಒಂದನೇ ನಂಬರ್ ತ್ರಿಕೋನಕ್ಕೆ ಸ್ವಂತ ಮನೆ ಇಲ್ಲ!

2010ರಲ್ಲಿ ಶ್ರಾಪ್‌ಶೈರ್ ಸೀಮೆಯ ಮಾರ್ಕೆಟ್ ಡ್ರೇಟನ್ ಎಂಬಲ್ಲಿ ಜೂಲ್ಸ್ ಮತ್ತೆ ಹುಟ್ಟಿತು. ಅದೇ ಹೆಸರು, ಹೊಸ ಕಾರ್ಖಾನೆ. ಅವರು ಒಂದೊಂದಾಗಿ ಹಳೇ ಪಬ್ಬುಗಳನ್ನು ಕೊಳ್ಳತೊಡಗಿದರು. ಹಾಗೆ ಅವರ ಕೈಗೆ ಬಂದ ಒಂದು ಪಬ್ಬು ಯಾವುದು ಗೊತ್ತೇ?

ಬರ್ಟನ್ನಿನ ಕೂಪರ್ಸ್ ಟ್ಯಾವರ್ನ್. ಒಂದು ಕಾಲದಲ್ಲಿ ಬ್ಯಾಸ್ ಕಂಪನಿಯ ಸ್ವಂತ ಅಂಗಳ!

ಪೀಪಾಯಿ ಮೇಲೆ ಗ್ಲಾಸು

ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ಕ್ರಾಸ್ ಸ್ಟ್ರೀಟ್ ಎಂಬ ಸಣ್ಣ ಬೀದಿ. ಹೊರಗಿನಿಂದ ನೋಡಿದರೆ ಯಾರದೋ ಹಳೇ ಮನೆ. ಒಳಗೆ ಸಣ್ಣ ಸಣ್ಣ ಕೋಣೆಗಳು. ನೇರ ಹಿಂದಿನ ಕೋಣೆಗೆ ಕರೆದುಕೊಂಡು ಹೋದ ನಮ್ಮ ತಮ್ಮ. ಅದೇ ಗರ್ಭಗುಡಿ. ಗೋಡೆಗೆ ಒತ್ತಿದ ಬೆಂಚು. ಪೀಪಾಯಿಗಳೇ ಟೇಬಲ್ಲು. ನಮ್ಮ ಬೀಡಾ ಅಂಗಡಿಯಷ್ಟೇ ಇರುವ ಒಂದು ಕೌಂಟರು. ಅದರ ಪಕ್ಕದಲ್ಲೇ ಅಟ್ಟಣೆಯ ಮೇಲೆ ಮಲಗಿಸಿದ ಪೀಪಾಯಿಗಳು. ಕೆಲವು ಬೀರಿಗೆ ಹ್ಯಾಂಡ್ ಪಂಪು ಇದೆ. ಬ್ಯಾಸ್‌ಗೆ ಮಾತ್ರ ಪಂಪೂ ಬೇಡ. ನೇರ ಪೀಪಾಯಿಯ ನಲ್ಲಿ ತಿರುಗಿಸಿ ಗ್ಲಾಸಿಗೆ ಇಳಿಸುತ್ತಾರೆ. ಭೂಮಿಯ ಗುರುತ್ವಾಕರ್ಷಣೆಯೇ ಸಪ್ಲೈಯರು!

‘ಅಣ್ಣ, ಇಲ್ಲಿ ಟೇಬಲ್ ಹತ್ರ ಯಾರೂ ಬರಲ್ಲ. ನಾವೇ ಹೋಗ್ಬೇಕು. ಕ್ಯೂ ಇರಲ್ಲ, ಆದ್ರೆ ಯಾರು ಮೊದ್ಲು ಬಂದ್ರು ಅಂತ ಅವರಿಗೆ ಗೊತ್ತಿರತ್ತೆ. ಚಿಟಿಕೆ ಗಿಟಿಕೆ ಹೊಡೀಬೇಡ ಮತ್ತೆ, ಮರ್ಯಾದೆ ಹೋಗತ್ತೆ’ ಎಂದು ತಮ್ಮ ಮೊದಲೇ ಪಾಠ ಹೇಳಿದ್ದ. ಇನ್ನೊಂದು ನಿಯಮ ‘ರೌಂಡು’. ನಾಲ್ಕು ಜನ ಕೂತರೆ ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ಕೊಡಿಸಬೇಕು. ತನ್ನ ಸರದಿ ಬಂದಾಗ ಬಾತ್‌ರೂಮಿಗೆ ಹೋಗುವವನ ಹೆಸರು ಊರಲ್ಲೆಲ್ಲ ಹರಡುತ್ತದೆ. ಇಂಥವರು ನಮ್ಮಲ್ಲೂ ಇದ್ದಾರೆ, ಮಾಸಾಲೆ ದೋಸೆ ಬಿಲ್ಲು ಬಂದಾಗ ಚಪ್ಪಲಿ ಸರಿಮಾಡಿಕೊಳ್ಳುವ ಮಹನೀಯರು! ಚಿಪ್ಸ್ ಪೊಟ್ಟಣ ಕೊಂಡರೆ ಅದನ್ನು ಪೂರ್ತಿ ಹರಿದು, ಬಿಚ್ಚಿ, ಮಧ್ಯದಲ್ಲಿ ಹರಡಬೇಕು. ಎಲ್ಲರ ಕೈಯೂ ಬರಬೇಕು.

ನಾನು ಅರ್ಧ ಪೈಂಟು ತೆಗೆದುಕೊಂಡೆ. ಪೂರ್ತಿ ಪೈಂಟೆಂದರೆ 568 ಮಿಲಿ. ಬಣ್ಣ ಜೇನಿನದು. ಮೇಲೆ ತೆಳು ನೊರೆ. ಮೂಗಿನ ಹತ್ತಿರ ತಂದರೆ ಸಣ್ಣಗೆ ಬೆಂಕಿಕಡ್ಡಿ ಗೀಚಿದ ವಾಸನೆ. ಆ ಜಿಪ್ಸಂ ನೀರಿನ ಗುರುತು ಅದು. ಮೊದಲ ಗುಟುಕು ಸಪ್ಪೆ ಅನ್ನಿಸುತ್ತದೆ, ಗ್ಯಾಸಿನ ಚುರುಕಿಲ್ಲ. ಎರಡನೆಯದಕ್ಕೆ ಬ್ರೆಡ್ಡಿನ ಸಿಹಿ. ಮೂರನೆಯದಕ್ಕೆ ನಾಲಿಗೆಯ ಹಿಂಭಾಗದಲ್ಲಿ ಹಾಗಲಕಾಯಿಯ ತಮ್ಮನಂಥ ಕಹಿ. ಮದ್ಯದ ಅಂಶ ಶೇಕಡಾ 4.4 ಅಷ್ಟೆ. ನಮ್ಮಲ್ಲಿ ‘ಸ್ಟ್ರಾಂಗ್’ ಎಂದು ಮಾರುವುದಕ್ಕೆ ಹೋಲಿಸಿದರೆ ಸಾಧು ಪ್ರಾಣಿ. ಇದನ್ನು ಹಿಡಿದುಕೊಂಡು ಎರಡು ಗಂಟೆ ಮಾತಾಡಬಹುದು. ಮಾತಿಗೆಂದೇ ಮಾಡಿದ ಪಾನೀಯ ಇದು. ಅಮಲಿಗೆ ಬೇಕಾದವನು ಬೇರೆ ಕಡೆ ಹೋಗುತ್ತಾನೆ.

ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜ. ಬ್ಯಾಸ್ ಕಾರ್ಖಾನೆಯಲ್ಲೇ ದುಡಿದು ರಿಟೈರಾದವರು. ತಮ್ಮನಿಗೆ ಪರಿಚಯ. ನಾನು ಸಿನಿಮಾದವನಲ್ಲವೇ, ಸೇಡಿನ ಸೀನು ಬಿಡುವುದುಂಟೇ? ‘ನಿಮ್ಮ ಕಂಪನಿ ಮುಚ್ಚಿಸಿದ ಜೂಲ್ಸ್‌ನವರೇ ಈಗ ನಿಮ್ಮ ಪಬ್ಬಿನ ಯಜಮಾನರು. ಹೊಟ್ಟೆ ಉರಿಯುವುದಿಲ್ಲವೇ?’ ಎಂದು ಕೇಳಿಸಿದೆ.

ಅಜ್ಜ ಪೀಪಾಯಿ ಕಡೆ ಕೈ ತೋರಿಸಿದರು. ಜೂಲ್ಸ್ ಪಬ್ಬಿನಲ್ಲಿ ಇವತ್ತಿಗೂ ಬ್ಯಾಸ್ ಬೀರಿಗೇ ಮೊದಲ ಮರ್ಯಾದೆ. ಬಾಗಿಲು ತೆರೆದಿದೆ, ಬ್ಯಾಸ್ ಇದೆ, ಇನ್ನೇನು ಬೇಕು ಎಂದು ನಕ್ಕರು. ವಿಲನ್ ಸೋತ ಮೇಲೆ ಅವನ ಪೀಪಾಯಿಯನ್ನು ಹೀರೋ ತನ್ನ ಅಂಗಳದಲ್ಲಿಟ್ಟು ಕಾಪಾಡುತ್ತಿದ್ದಾನೆ! ನಮ್ಮ ಯಾವ ಕಥೆಗಾರನಾದರೂ ಈ ಕ್ಲೈಮ್ಯಾಕ್ಸು ಬರೆದುಕೊಂಡು ಹೋದರೆ ಪ್ರೊಡ್ಯೂಸರು ‘ಫೈಟ್ ಎಲ್ರೀ?’ ಎಂದು ವಾಪಸು ಕಳಿಸುತ್ತಾನೆ.

ಬಾಗಿಲು ಯಾರಿಗೆ ತೆರೆದಿತ್ತು?

ಸಿಹಿ ಮಾತೇ ಆಡಿ ಮುಗಿಸಿದರೆ ತಪ್ಪಾಗುತ್ತದೆ. ಈ ಬಾಗಿಲುಗಳು ನಮ್ಮಂಥ ಕಂದು ಮೈಯವರಿಗೆ ಯಾವಾಗಲೂ ತೆರೆದಿರಲಿಲ್ಲ. ಬರ್ಮಿಂಗ್‌ಹ್ಯಾಂ ಪಕ್ಕದ ಸ್ಮೆದಿಕ್ ಎಂಬ ಊರಿನಲ್ಲಿ ಪಂಜಾಬಿನಿಂದ ಹೋದ ಜನ ಎರಕದ ಕಾರ್ಖಾನೆಗಳಲ್ಲಿ ಬೆಂಕಿಯ ಮುಂದೆ ದುಡಿಯುತ್ತಿದ್ದರು. ಸಂಜೆ ಪಬ್ಬಿಗೆ ಹೋದರೆ, ಒಳ್ಳೇ ಕೋಣೆ ಬಿಳಿಯರಿಗೆ ಮಾತ್ರ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನ ಅವತಾರ್ ಸಿಂಗ್ ಜೌಹಲ್ ಇದರ ವಿರುದ್ಧ ನಿಂತರು. 1965ರ ಫೆಬ್ರವರಿ 12ರಂದು ಅಮೆರಿಕದ ಮಾಲ್ಕಂ ಎಕ್ಸ್ ಅವರನ್ನೇ ಆ ಊರಿಗೆ ಕರೆಸಿ, ‘ಬ್ಲೂ ಗೇಟ್ಸ್’ ಎಂಬ ಪಬ್ಬಿಗೆ ಕರೆದುಕೊಂಡು ಹೋದರು. ಆ ಕೋಣೆಯಲ್ಲಿ ಅವರಿಗೂ ಕೊಡಲಿಲ್ಲ! ಒಂಬತ್ತು ದಿನಗಳ ನಂತರ ಮಾಲ್ಕಂ ಎಕ್ಸ್ ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದರು. 1992ರ ‘ಮಾಲ್ಕಂ ಎಕ್ಸ್’ ಚಿತ್ರದಲ್ಲಿ ಡೆಂಜೆಲ್ ವಾಷಿಂಗ್ಟನ್ ಅಭಿನಯ ನೋಡಿದವರಿಗೆ ಆ ಮನುಷ್ಯನ ತೂಕ ಗೊತ್ತು.

ಅದೇ 1965ರಲ್ಲಿ ಸಾರ್ವಜನಿಕ ಜಾಗಗಳಲ್ಲಿ ಬಣ್ಣದ ಭೇದ ಮಾಡುವುದರ ವಿರುದ್ಧ ಬ್ರಿಟನ್ನಿನಲ್ಲಿ ಕಾನೂನು ಬಂತು. ಮುಂದೆ ಆ ಸೀಮೆಯ ಎಷ್ಟೋ ಪಬ್ಬುಗಳನ್ನು ಪಂಜಾಬಿಗಳೇ ಕೊಂಡರು. ಇವತ್ತು ಅವುಗಳಿಗೆ ‘ದೇಸಿ ಪಬ್’ ಎಂದೇ ಹೆಸರು. ತಂದೂರಿ ಮಿಕ್ಸೆಡ್ ಗ್ರಿಲ್ ತಿನ್ನಲು ಬಿಳಿಯರು ಅಲ್ಲಿಗೆ ಬರುತ್ತಾರೆ. ಬಾಗಿಲು ತಾನಾಗಿ ತೆರೆಯಲಿಲ್ಲ ಮಿತ್ರರೇ, ತಟ್ಟಿ ತೆರೆಸಿದರು.

ನಮ್ಮ ತಮ್ಮನನ್ನು ಕೇಳಿದೆ, ‘ನೀನು ಕಿತ್ತಳೆ ರಸ ಕುಡಿಯೋನು, ಇಲ್ಲಿಗ್ಯಾಕೋ ಬರ್ತೀಯ?’

‘ನೈಟ್ ಡ್ಯೂಟಿ ಮುಗ್ಸಿ ರೂಮಿಗೆ ಹೋದ್ರೆ ಮಾತಾಡೋಕೆ ಗೋಡೆ ಬಿಟ್ರೆ ಯಾರೂ ಇರ್ಲಿಲ್ಲಣ್ಣ. ಮೊದಲ್ನೇ ಚಳಿಗಾಲ ಅಂತೂ ಊರಿಗೆ ವಾಪಸ್ ಬಂದ್ಬಿಡೋಣ ಅನ್ಸಿತ್ತು. ಒಂದಿನ ಸುಮ್ನೆ ಒಳಗೆ ಬಂದೆ. ಈ ಅಜ್ಜ ಬೆಂಚಲ್ಲಿ ಜರುಗಿ ಜಾಗ ಕೊಟ್ರು. ಆಸ್ಪತ್ರೇಲಿ ಎಲ್ರೂ ನನ್ನ ಹೆಸ್ರು ಬ್ಯಾಡ್ಜ್ ನೋಡಿ ಕರೀತಾರೆ. ಬ್ಯಾಡ್ಜ್ ಇಲ್ದೆ ಕರೆಯೋದು ಇಲ್ಲಿ ಮಾತ್ರ.’

ಅವನು ಬರ್ಟನ್ನನ್ನು ‘ನಮ್ಮೂರು’ ಎಂದದ್ದಕ್ಕೆ ಕಾರಣ ಅಷ್ಟೇ. ಬೆಂಚಿನಲ್ಲಿ ಒಂದೂವರೆ ಅಡಿ ಜಾಗ.

ಕೊನೆಯ ಗಂಟೆ

ಆದರೆ ಆ ಒಂದೂವರೆ ಅಡಿ ಕೂಡ ಕರಗುತ್ತಿದೆ. ಬ್ರಿಟನ್ನಿನಲ್ಲಿ 2000ದಲ್ಲಿ ಸುಮಾರು 60 ಸಾವಿರ ಪಬ್ಬುಗಳಿದ್ದವು. 2023ರ ಹೊತ್ತಿಗೆ ಸುಮಾರು 45 ಸಾವಿರ. ಬಾಡಿಗೆ, ತೆರಿಗೆ, ಕರೆಂಟು ಬಿಲ್ಲು ಒಂದು ಕಡೆ. ಸೂಪರ್ ಮಾರ್ಕೆಟ್ಟಿನ ಅಗ್ಗದ ಡಬ್ಬಿ ಬೀರು ತಂದು ಮನೆಯಲ್ಲಿ ಟೀವಿ ಮುಂದೆ ಕೂರುವ ಅಭ್ಯಾಸ ಇನ್ನೊಂದು ಕಡೆ. ಬರ್ಟನ್ನಿನ ಬೀರು ಮ್ಯೂಸಿಯಂ 2022ರಲ್ಲಿ ಮುಚ್ಚಿತು. ಮಾರ್ಸ್ಟನ್ಸ್ ಕಾರ್ಖಾನೆಯಲ್ಲಿ ಮರದ ಪೀಪಾಯಿಗಳ ಸಾಲಿನಲ್ಲಿ ಬೀರು ಹುದುಗು ಬರಿಸುವ ‘ಬರ್ಟನ್ ಯೂನಿಯನ್’ ಎಂಬ ಹಳೇ ಪದ್ಧತಿ ಇತ್ತು. 2024ರಲ್ಲಿ ಅದೂ ನಿಂತಿತು. ಅದರ ಒಂದು ಜೋಡಣೆಯನ್ನು ಪಕ್ಕದ ಡಾರ್ಬಿಶೈರ್ ಸೀಮೆಯ ಥಾರ್ನ್‌ಬ್ರಿಜ್ ಎಂಬ ಚಿಕ್ಕ ಕಾರ್ಖಾನೆಯವರು ಒಯ್ದು, ಮತ್ತೆ ನಡೆಸಿದರು. ಅಷ್ಟು ಉಳಿಯಿತು.

ಇನ್ನೊಂದು ಘಟನೆ. ಇದೇ ಸ್ಟ್ಯಾಫರ್ಡ್‌ಶೈರಿನ ಹಿಮ್ಲಿಯಲ್ಲಿ ‘ಕ್ರೂಕೆಡ್ ಹೌಸ್’ ಎಂಬ ಸೊಟ್ಟ ಪಬ್ಬಿತ್ತು. ಕಲ್ಲಿದ್ದಲ ಗಣಿಯಿಂದ ನೆಲ ಕುಸಿದು ಕಟ್ಟಡವೇ ಒಂದು ಕಡೆ ವಾಲಿತ್ತು. 2023ರ ಆಗಸ್ಟಿನಲ್ಲಿ ಅದಕ್ಕೆ ಬೆಂಕಿ ಬಿತ್ತು, ಎರಡೇ ದಿನದಲ್ಲಿ ಬುಲ್ಡೋಜರು ನೆಲಸಮ ಮಾಡಿತು. ಜನ ಎದ್ದರು. 2024ರ ಫೆಬ್ರವರಿಯಲ್ಲಿ ಅಲ್ಲಿಯ ಕೌನ್ಸಿಲ್ಲು, ಮೊದಲಿದ್ದ ಹಾಗೆಯೇ ಮತ್ತೆ ಕಟ್ಟಿ ಎಂದು ಮಾಲೀಕರಿಗೆ ಆದೇಶ ಕೊಟ್ಟಿತು. ಸೊಟ್ಟಗೇ ಕಟ್ಟಬೇಕು!

ಲಂಡನ್ನಿನ ನನ್‌ಹೆಡ್‌ನಲ್ಲಿ ‘ಐವಿ ಹೌಸ್’ ಎಂಬ ಪಬ್ಬು ಮಾರಾಟಕ್ಕೆ ಬಂದಾಗ ಬೀದಿಯ ಜನವೇ ಷೇರು ಹಾಕಿ ಕೊಂಡುಕೊಂಡರು. 2013ರಿಂದ ಅದು ಅವರದೇ. 2011ರ ಒಂದು ಕಾನೂನಿನ ಪ್ರಕಾರ, ಇದು ನಮ್ಮ ಊರಿನ ಆಸ್ತಿ ಎಂದು ಜನ ಒಂದು ಪಬ್ಬನ್ನು ಪಟ್ಟಿಗೆ ಸೇರಿಸಬಹುದು. ಆಮೇಲೆ ಮಾರುವಾಗ ಊರಿನವರಿಗೆ ದುಡ್ಡು ಹೊಂದಿಸಲು ಕಾಲಾವಕಾಶ ಸಿಗುತ್ತದೆ.

ಕೆನ್ ಲೋಚ್ ಎಂಬ ಹಿರಿಯ ಡೈರೆಕ್ಟರು 2023ರಲ್ಲಿ ‘ದಿ ಓಲ್ಡ್ ಓಕ್’ ಎಂಬ ಚಿತ್ರ ಮಾಡಿದರು. ಗಣಿ ಮುಚ್ಚಿದ ಹಳ್ಳಿ. ಉಳಿದಿರುವುದು ಒಂದೇ ಪಬ್ಬು. ಊರಿಗೆ ಸಿರಿಯಾದ ನಿರಾಶ್ರಿತರು ಬರುತ್ತಾರೆ. ಹಳಬರು ಸಿಡುಕುತ್ತಾರೆ. ಪಬ್ಬಿನ ಮುಚ್ಚಿದ ಹಿಂದಿನ ಕೋಣೆಯ ಬೀಗ ಯಾರಿಗಾಗಿ ತೆಗೆಯಬೇಕು ಎನ್ನುವುದೇ ಕಥೆ. ಸಿಕ್ಕರೆ ತಪ್ಪದೆ ನೋಡಿ. ಹೀರೋ ಪಾತ್ರ ಮಾಡಿದ ಡೇವ್ ಟರ್ನರ್ ಬೆಂಕಿ ಆರಿಸುವ ಇಲಾಖೆಯಲ್ಲಿ ದುಡಿದವರು. ಮುಖದಲ್ಲಿ ಮೇಕಪ್ಪಿನ ಮಾತೇ ಇಲ್ಲ.

ಇಷ್ಟೆಲ್ಲ ಓದಿದ ಮೇಲೆ ಕೆಂಪೇಗೌಡ ರಸ್ತೆ ನೆನಪಾಗದವನು ಸಿನಿಮಾ ಅಭಿಮಾನಿಯೇ ಅಲ್ಲ. ಅಲಂಕಾರ್, ಕಲ್ಪನಾ, ಹಿಮಾಲಯ, ಮೆಜೆಸ್ಟಿಕ್, ಸಾಗರ್... ಹೆಸರುಗಳು ಉಳಿದಿವೆ, ಟಾಕೀಸುಗಳಿಲ್ಲ. 2017ರಲ್ಲಿ ಕಪಾಲಿ ಮುಚ್ಚಿದಾಗ ನಾವೇನು ಮಾಡಿದೆವು? ಮೊಬೈಲಿನಲ್ಲಿ ಫೋಟೋ ಹೊಡೆದೆವು. ಕಟೌಟಿಗೆ ಹಾಲು ಹೊಯ್ಯಲು ಸಾವಿರ ಜನ ಬರುತ್ತೇವೆ, ಬೀಗ ಬೀಳುವ ದಿನ ಹತ್ತು ಜನ ಇರುವುದಿಲ್ಲ. ನಾಯಕನಿಗೆ ಸಂಘ ಇದೆ, ನಾಯಕ ಕುಣಿಯುವ ಪರದೆಗೆ ಸಂಘ ಇಲ್ಲ. ಅಲ್ಲಿ ನಾಲ್ಕು ಹುಡುಗರು, ಬರೀ ರುಚಿಯ ಮೇಲಿನ ಪ್ರೀತಿಗೆ, ಆರು ಕಂಪನಿಗಳ ಎದುರು ನಿಂತರು. ಅವರಲ್ಲಿ ಒಬ್ಬನೂ ಸ್ಟಾರ್ ಅಲ್ಲ. ಅಭಿಮಾನಿಗಳು, ಅಷ್ಟೆ!

ಪಟ್ಟಿ ಮಾಡುವುದಕ್ಕೆ ದುಡ್ಡು ಬೇಕಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಇನ್ನೂ ಬಾಗಿಲು ತೆರೆದಿರುವ ಟಾಕೀಸು ಯಾವುದು, ಕಟ್ಟಿದ್ದು ಯಾವಾಗ, ಸೀಟು ಎಷ್ಟು, ಪರದೆ ಹೇಗಿದೆ, ಸೌಂಡು ಹೇಗಿದೆ, ಟಿಕೆಟ್ ಎಷ್ಟು, ಇಂಟರ್‌ವೆಲ್ಲಿನಲ್ಲಿ ಏನು ಸಿಗುತ್ತದೆ? ಒಂದು ಹಾಳೆಯಲ್ಲಿ ಬರೆದು ಈ ಅಂಕಣದ ವಿಳಾಸಕ್ಕೆ ಹಾಕಿ. ಊರ ಹೆಸರಿನ ಸಮೇತ ಒಂದೊಂದಾಗಿ ಅಚ್ಚು ಮಾಡುತ್ತೇನೆ. ಕಡೂರಿನ ದೊರೆಗಳೇ, ಪ್ರಶ್ನೆ ಕೇಳಿ ನೀವೇ ಶುರು ಮಾಡಿದ್ದು, ಮೊದಲ ಹಾಳೆ ನಿಮ್ಮದೇ ಬರಲಿ. ಈ ಶುಕ್ರವಾರ ಮೊಬೈಲು ಜೇಬಿನಲ್ಲಿಟ್ಟು, ಪಕ್ಕದ ಮನೆಯವನನ್ನೂ ಎಳೆದುಕೊಂಡು ನಿಮ್ಮೂರ ಟಾಕೀಸಿಗೆ ಹೋಗಿ ಬನ್ನಿ.

ಪೀಪಾಯಿ ತೆರೆದಿದೆ. ಇರುವುದು ಮೂರೇ ದಿನ!